ನನ್ನ ದೊಡ್ಡ ಸೆನ್ಸರಿನ ಪ್ರತಾಪ

ಕೈರೋದ ಶುಬ್ರಾ ಬಡಾವಣೆಯ ನಮ್ಮ ಬೀದಿಯಲ್ಲಿ ಇಂಥ ವಿಡಿಯೋ ಹಿಂದೆ ಬಂದಿರಬಾರದು, ಮುಂದೆ ಬರಲೂಬಾರದು! ಮಗಳು ಹುಟ್ಟಿದ ಏಳನೇ ದಿನದ ಶಾಸ್ತ್ರಕ್ಕೆ ನಾನು ತೊಟ್ಟ ಘೋರ ಪ್ರತಿಜ್ಞೆ ಇದು.

ಕಾರಣ ಸಣ್ಣದಲ್ಲ. ನನ್ನ ಅತ್ತೆ ಹಾಜಾ ಫಿಕ್ರಿಯಾ ಕಾಲು ಮುರಿದುಕೊಂಡು ಅಸ್ವಾನಿನಲ್ಲಿ ಮಲಗಿದ್ದರು. ಕೈರೋಗೆ ಬರುವ ರೈಲು ಹತ್ತುವಂತಿರಲಿಲ್ಲ. ಏಳು ದಿನ ತುಂಬುವ ಮೊದಲು ಕೂಸಿನ ಮುಖ ಹೊರಗೆ ಕಂಡರೆ ದೃಷ್ಟಿ ತಾಗುತ್ತದೆಂದು ಅವರೇ ಒಂದು ಫೋಟೋ ಕೂಡ ಕಳಿಸಗೊಡಲಿಲ್ಲ. ಅಂದರೆ, ಮೊದಲ ಮೊಮ್ಮಗಳನ್ನು ಅವರು ಮೊತ್ತಮೊದಲು ನೋಡುವುದು ನನ್ನ ವಿಡಿಯೋದಲ್ಲಿ!

ಹೆಂಡತಿ ನಗ್ಲಾ ಫೋನಿನಲ್ಲೇ ತೆಗೆದರಾಯಿತು ಎಂದಳು. ನಾನು ಕನಿಕರದಿಂದ ನಕ್ಕೆ. ಕ್ಯಾಮೆರಾ ಬಾಡಿಗೆಗೆ ಕೊಡುವ ವಸ್ಫಿ ಅಷ್ಟರಲ್ಲಿ ನನಗೆ ಜ್ಞಾನೋದಯ ಮಾಡಿಸಿದ್ದ. ಬೆಳಕು ಹಿಡಿಯುವ ತುಣುಕೇ ಸೆನ್ಸರ್. ಫೋನಿನಲ್ಲಿ ಅದು ಬೇಳೆಕಾಳಿನಷ್ಟು. ಅವನ ಕ್ಯಾಮೆರಾದಲ್ಲಿ ಬಸ್ಬೂಸಾ ಮಿಠಾಯಿಯ ತುಂಡಿನಷ್ಟು! ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ, ಮಬ್ಬಿನಲ್ಲೂ ಚಿತ್ರ ಕೆಡುವುದಿಲ್ಲ. "ಆದ್ರೆ ಒಂದು ಹುಷಾರು" ಎಂದು ಅವನು ಮತ್ತೇನೋ ಶುರುಮಾಡಿದ. ಪೂರ್ತಿ ಕೇಳುವ ವ್ಯವಧಾನ ನನ್ನಂಥ ಪಂಡಿತನಿಗೆಲ್ಲಿ?

ಶಾಸ್ತ್ರದ ದಿನ ಮಧ್ಯಾಹ್ನ ಕಿಟಕಿ ಮುಚ್ಚಿಸಿ ಮೇಣದಬತ್ತಿ ಹಚ್ಚಿಸಿದೆ. ಯಾರೂ ಫೋನಿನಲ್ಲಿ ಚಿತ್ರ ತೆಗೆಯಕೂಡದೆಂದು ಅಪ್ಪಣೆ ಹೊರಡಿಸಿದೆ. ನಮ್ಮ ಪದ್ಧತಿಯಂತೆ ಕೂಸನ್ನು ಜರಡಿಯಲ್ಲಿ ಮಲಗಿಸಿದರು. ನಾನು ಲೆನ್ಸನ್ನು ಪೂರ್ತಿ ತೆರೆದು, ಮಲಗಿದ ಕೂಸಿಗೆ ಫೋಕಸ್ ಕೂಡಿಸಿ, ಆ ಫೋಕಸ್ ಬದಲಾಗದಂತೆ ಬಿಗಿಮಾಡಿದೆ. ನಗ್ಲಾ ಜರಡಿಯನ್ನು ಏಳು ಸಲ ದಾಟಿದಳು. ನನ್ನ ತಾಯಿ ಹಿತ್ತಾಳೆಯ ಕುಟ್ಟಾಣಿ ಬಡಿಯುತ್ತಾ, ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ ಎಂದು ಕೂಸಿಗೆ ಸಂಪ್ರದಾಯದಂತೆ ಉಪದೇಶಿಸಿದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದವಾಗಿಯೇ ಕಂಡಿತು.

ಸಂಜೆ ಟಿವಿಗೆ ಹಾಕಿದೆ.

ಒಂದು ಕಿವಿ. ನನ್ನ ಮಗಳ ಎಡಗಿವಿ. ಅದರ ಅಂಚಿನ ನವಿರು ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೇಣದಬತ್ತಿಯ ಬೆಳಕು ಆ ಎಳೆ ಚರ್ಮದಲ್ಲಿ ಹಾದು ಒಳಗಿನ ಕೆಂಪು ನರಗಳನ್ನೂ ತೋರಿಸುತ್ತಿತ್ತು. ಏಳು ದಿನ ಎತ್ತಿಕೊಂಡು ತಿರುಗಿದ್ದೇನೆ, ಇಂಥದ್ದೊಂದು ಅದ್ಭುತ ನನ್ನ ತೋಳಿನಲ್ಲೇ ಇದೆಯೆಂದು ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಆದರೆ ಉಳಿದದ್ದೆಲ್ಲ? ಕೂಸಿನ ಮುಖ ಕೆನೆಯ ಮುದ್ದೆ. ನಗ್ಲಾ ಏಳು ಸಲ ಹಾದುಹೋದ ಮಂಜು. ನನ್ನ ತಾಯಿ ಸದ್ದು ಮಾಡುವ ಹಳದಿ ಮೋಡ!

ವಸ್ಫಿಗೆ ಫೋನ್ ಮಾಡಿದೆ. ದೊಡ್ಡ ಸೆನ್ಸರಿಗೆ ಲೆನ್ಸ್ ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಬೆರಳಿನಷ್ಟು ಆಳವೂ ಸ್ಪಷ್ಟವಾಗಿ ಉಳಿಯುವುದಿಲ್ಲ, ಹಿಂದುಮುಂದಿನದೆಲ್ಲ ಕರಗಿಹೋಗುತ್ತದೆ, ಅದನ್ನೇ ಹೇಳಲು ಹೊರಟಿದ್ದೆ ಎಂದ. ಪಕ್ಕಕ್ಕೆ ತಿರುಗಿ ಮಲಗಿದ್ದ ಕೂಸಿನಲ್ಲಿ ನನ್ನ ಲೆನ್ಸಿಗೆ ಹತ್ತಿರವಿದ್ದದ್ದು ಕಿವಿ.

ನಗ್ಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಂದು ಒಳ್ಳೇದಾಯ್ತು ಹಿಲ್ಮಿ. ಈ ವಿಡಿಯೋ ನೋಡಿ ನನ್ನ ಮಗಳಿಗೆ ಯಾರೂ ದೃಷ್ಟಿ ಹಾಕೋಕಾಗಲ್ಲ."

ಅಷ್ಟರಲ್ಲಿ ಅಸ್ವಾನಿನಿಂದ ಮೂರು ಸಲ ಕರೆ ಬಂದಿತ್ತು. ಬೇರೆ ದಾರಿಯಿಲ್ಲದೆ ಕಳಿಸಿದೆ. ಹನ್ನೊಂದು ನಿಮಿಷದ ವಿಡಿಯೋ. ಹನ್ನೆರಡನೇ ನಿಮಿಷಕ್ಕೆ ಅತ್ತೆಯ ಫೋನ್.

"ನೋಡಿದೆ ಮಗನೇ. ತೀರಿಹೋದ ನಮ್ಮ ಯಜಮಾನ್ರದ್ದೇ ಕಿವಿ. ಅದೇ ಮಡಿಕೆ. ಅವರನ್ನೇ ಮತ್ತೆ ನೋಡಿದಂಗಾಯ್ತು. ದೇವರು ನಿನ್ನ ಕೈ ಕಾಯ್ಲಿ."

ನಾನು ನಗ್ಲಾಳ ಕಡೆ ನೋಡಿ ಮೀಸೆ ತಿರುವಿದೆ. ಕಲೆಗೆ ಬೆಲೆ ಕೊಡುವವರು ಅಸ್ವಾನಿನಲ್ಲಾದರೂ ಇದ್ದಾರೆ!

"ಇನ್ನೊಂದೇ ಆಸೆ ಮಗನೇ" ಎಂದರು ಅತ್ತೆ. "ಆ ಕಿವಿ ಹತ್ರಾನೇ ಎಲ್ಲೋ ಒಂದು ಮುಖಾನೂ ಇರಬೇಕು. ನಗ್ಲಾ ಕೈಗೆ ಫೋನ್ ಕೊಟ್ಟು ನೀನು ಸ್ವಲ್ಪ ದೂರ ಹೋಗು. ಅವಳು ತೋರಿಸ್ತಾಳೆ."