ತೊಳೆದ ಮುಖದ ಗೈರುಹಾಜರಿ

2024ನೇ ಇಸವಿ ಜುಲೈ 15, ಸೋಮವಾರ, ಬೆಳಿಗ್ಗೆ 9 ಗಂಟೆ 52 ನಿಮಿಷಕ್ಕೆ, ಕಮಲಾಪುರದ ಮಣ್ಣು ಪರೀಕ್ಷಾ ಉಪಕೇಂದ್ರದ ಸಹಾಯಕ ವಿಶ್ಲೇಷಕ ಕಪಿಲ ಶುಭ್ರವಾದ ಮುಖದೊಂದಿಗೆ ಕಚೇರಿಗೆ ಬಂದ. ಕಚೇರಿಯ ದಾಖಲೆಯ ಪ್ರಕಾರ ಅವನು ಆ ದಿನ ಬಂದಿಲ್ಲ.

ಎರಡೂ ಸಂಗತಿಗಳು ನಿಜ. ಅವುಗಳ ನಡುವೆ ಇರುವುದು ಒಂದು ಸೈಕಲ್ಲಿನ ಎರಡು ಮಡ್‌ಗಾರ್ಡ್.

ಕಪಿಲನಿಗೆ ಇಪ್ಪತ್ತೇಳು ವರ್ಷ. ಎಂ.ಎಸ್ಸಿ. ಓದಿದವನು. ಕಲಬುರಗಿಯ ಕುಸನೂರಿನಲ್ಲಿ ಮನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ನಲವತ್ತು ದಿನ ಕಮಲಾಪುರದ ಬಸ್ಸು ಬರುವ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಸರಾಸರಿ ತೆಗೆದು, ಬಸ್ಸು ನಂಬಿಕೆಗೆ ಅರ್ಹವಲ್ಲವೆಂದು ತೀರ್ಮಾನಿಸಿದ. ಆ ನಲವತ್ತು ದಿನವೂ ಬಸ್ಸು ಅವನನ್ನು ಹತ್ತು ಗಂಟೆಯೊಳಗೇ ತಲುಪಿಸಿತ್ತೆಂಬುದನ್ನು ಅವನು ಗಮನಿಸಲಿಲ್ಲ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಊರು ಬಿಟ್ಟು ಹೊರಟಿದ್ದ ಒಬ್ಬ ಹಲ್ಲಿನ ಡಾಕ್ಟರರಿಂದ ರೋಡ್ ಬೈಕ್ ಕೊಂಡ. ಬಾಗಿದ ಹ್ಯಾಂಡಲ್, ಬೆರಳು ದಪ್ಪದ ಟೈರು, ಮಡ್‌ಗಾರ್ಡ್ ಇಲ್ಲ.

ಮಳೆಗಾಲದಲ್ಲಿ ಹಿಂದಿನ ಚಕ್ರ ಅವನ ಬೆನ್ನಿಗೆ ಸೊಂಟದಿಂದ ಕತ್ತಿನವರೆಗೆ ಒಂದು ಕಪ್ಪು ಪಟ್ಟೆ ಎಳೆಯುತ್ತಿತ್ತು. ಮುಂದಿನ ಚಕ್ರ ಮುಖದ ಕೆಲಸ ನೋಡಿಕೊಳ್ಳುತ್ತಿತ್ತು.

ಜುಲೈ ಒಂದರಂದು ಉಪಕೇಂದ್ರಕ್ಕೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಸಿಬ್ಬಂದಿಯ ಮುಖ ನೋಂದಾಯಿಸಲು ಬಂದಿದ್ದ ತಂತ್ರಜ್ಞ ಹತ್ತೂವರೆಗೆ ಹೊರಡುವವನಿದ್ದ. ಮಹಾಗಾಂವ ದಾಟುವಾಗ ಟೈರು ಪಂಕ್ಚರ್ ಆಗಿ ಕಪಿಲ ಬಂದು ಮುಟ್ಟಿದ್ದು 10.28ಕ್ಕೆ. ಮುಖ ತೊಳೆಯಲು ನಾಲ್ಕು ನಿಮಿಷ ಬೇಕು, ಇರುವುದು ಎರಡು. ಅವನ ಲೆಕ್ಕ ತಪ್ಪಿರಲಿಲ್ಲ. ಹಾಗೇ ಹೋಗಿ ನಿಂತ.

ತಂತ್ರಜ್ಞ ಅವನನ್ನು ಒಮ್ಮೆ ನೋಡಿದ. "ಕಣ್ಣ ದೊಡ್ಡವ ಮಾಡ್ರಿ" ಎಂದ. ಮುಖ ನೋಂದಣಿಯಾಯಿತು. ಅದರ ಮೇಲೆ ಹತ್ತೊಂಬತ್ತು ಕೆಸರಿನ ಚುಕ್ಕೆಗಳಿದ್ದವು. ಮುಂದಿನ ಎರಡು ವಾರ ಬೆಳಗಿನ ಮಳೆ ತಪ್ಪಲಿಲ್ಲ. ಕಪಿಲ ದಿನವೂ ಕೆಸರಿನೊಂದಿಗೆ ಬಂದ, ಯಂತ್ರ ದಿನವೂ ಅವನನ್ನು ಗುರುತಿಸಿತು.

ಜುಲೈ ಎಂಟರಂದು ಉಪಕೇಂದ್ರದ ಮುಖ್ಯಸ್ಥರಾದ ಅಣವೀರಪ್ಪನವರು ಒಂದು ಜ್ಞಾಪನ ಹೊರಡಿಸಿದರು. ಅದರ ಒಕ್ಕಣೆ ಹೀಗಿತ್ತು: "ಸಿಬ್ಬಂದಿಯು ಕಚೇರಿಗೆ ಮಣ್ಣನ್ನು ಮಾದರಿ ಚೀಲದಲ್ಲಿ ಮಾತ್ರ ತರತಕ್ಕದ್ದು. ಮೈಮೇಲೆ ತರತಕ್ಕದ್ದಲ್ಲ."

ಪ್ರತಿಯನ್ನು ಕಪಿಲನಿಗೆ ಕೈಯಾರೆ ಕೊಟ್ಟು ಅವರು ಹೇಳಿದರು: "ನೋಡಪಾ, ಈ ತಿಂಗಳ ಕೊನಿಗಿ ನಿಂದು ಎರಡು ವರ್ಷ ಮುಗೀತದ. ನೌಕರಿ ಕಾಯಂ ಆಗಬೇಕಂದ್ರ ನಾ ವರದಿ ಬರೀಬೇಕು. ಅದರಾಗ ಸ್ವಚ್ಛತಾ ಅಂತ ಒಂದು ಕಾಲಂ ಅದ. ನಿನ್ನ ಬೆನ್ನ ನೋಡಿ ಆ ಕಾಲಂ ಹೆಂಗ ತುಂಬಲಿ?"

"ಬಸ್ಸಿಗೆ ಬರಬಹುದಲ್ಲ" ಎಂದು ಅವರು ಹೇಳಲಿಲ್ಲ. ಕಪಿಲನಿಗೂ ಅದು ಹೊಳೆಯಲಿಲ್ಲ. ಅವನು ಅಂದೇ ಪೂರ್ಣ ಮಡ್‌ಗಾರ್ಡ್ ಜೋಡಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದ. ಟೈರಿಗೂ ಬ್ರೇಕಿಗೂ ನಡುವಿನ ಸಂದನ್ನು ವರ್ನಿಯರ್ ಹಿಡಿದು ಅಳೆದ: ನಾಲ್ಕು ಮಿಲಿಮೀಟರ್. ಮಡ್‌ಗಾರ್ಡ್ ಬಂದ ಮೇಲೆ ಅಳೆದ. ಅದು ಹಿಡಿಸುವುದಿಲ್ಲವೆಂಬುದು ನಿಖರವಾಗಿ ಗೊತ್ತಾಯಿತು.

ಕೋಟೆ ರಸ್ತೆಯಲ್ಲಿ ಸಿಕಂದರ್ ಅವರದು ಮೂವತ್ತು ವರ್ಷದ ಸೈಕಲ್ ಅಂಗಡಿ. ಹದಿನಾಲ್ಕರ ಭಾನುವಾರ ಕಪಿಲ ಅಲ್ಲಿಗೆ ಸೈಕಲ್, ಮಡ್‌ಗಾರ್ಡ್ ಮತ್ತು ಎರಡು ಪುಟದ ಟಿಪ್ಪಣಿ ಒಯ್ದ. ಸಿಕಂದರ್ ಟಿಪ್ಪಣಿಯ ಮೇಲೆ ಪಾನಾ ಇಟ್ಟು ಸೈಕಲ್ ಸುತ್ತ ಒಂದು ಸುತ್ತು ಹಾಕಿದರು.

"ಇದಕ್ಕ ಮಡ್‌ಗಾರ್ಡ್ ಕೂಡೂ ಜಾಗಾನೇ ಇಟ್ಟಿಲ್ಲರೀ."

"ಯಾಕಂತೀರಿ?"

"ಕಂಪನಿಯವರು ನಿಮ್ಮ ಬೆನ್ನನ್ನ ಮಡ್‌ಗಾರ್ಡ್ ಅಂತ ಹಿಡದಾರ."

ಆದರೂ ಕೆಲಸಕ್ಕೆ ಕೂತರು. ಮೊದಲು ಇಪ್ಪತ್ತೆಂಟು ಮಿಲಿಮೀಟರ್ ಅಗಲದ ಟೈರು ತೆಗೆದು ಇಪ್ಪತ್ತೈದರದ್ದು ಹಾಕಿದರು. ಸಂದು ಸ್ವಲ್ಪ ಹೆಚ್ಚಿತು. ಬ್ರೇಕಿನ ಕೆಳಗೆ ಹಾಯುವ ಕಡೆ ಮಡ್‌ಗಾರ್ಡಿನ ಎರಡೂ ಅಂಚನ್ನು ಗರಗಸದಿಂದ ಕೊಯ್ದು ಅರದಿಂದ ಉಜ್ಜಿದರು. ಮಡ್‌ಗಾರ್ಡನ್ನು ಹಿಡಿದಿಡುವ ಕಡ್ಡಿಗಳನ್ನು ಬಿಗಿಯಲು ಫೋರ್ಕಿನಲ್ಲಿ ತೂತು ಇರಲಿಲ್ಲ. ಪೈಪಿಗೆ ಹಾಕುವ ಕ್ಲಾಂಪ್ ತಂದು, ಬಣ್ಣ ಕೀಳದಂತೆ ಒಳಗೆ ಹಳೇ ಟ್ಯೂಬಿನ ತುಂಡು ಸುತ್ತಿ ಕೂಡಿಸಿದರು. ಚಕ್ರ ತಿರುಗಿಸಿದಾಗ ಎಲ್ಲೋ ಸರ್ ಎಂದಿತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಡಚಿದ ಕಾಗದ ತೂರಿಸಿ, ಅದು ಸಿಕ್ಕಿಕೊಂಡ ಜಾಗದಲ್ಲಿ ಕಡ್ಡಿಯನ್ನು ಅರ್ಧ ಸುತ್ತು ಸಡಿಲಿಸಿದರು. ಆ ಕಾಗದ ಕಪಿಲನ ಟಿಪ್ಪಣಿಯ ಎರಡನೆಯ ಪುಟವಾಗಿತ್ತು.

ಕೊನೆಗೆ ಮುಂದಿನ ಮಡ್‌ಗಾರ್ಡಿನ ತುದಿಗೆ ನೆಲಕ್ಕೆ ನಾಲ್ಕು ಬೆರಳು ಬಿಟ್ಟು ರಬ್ಬರ್ ಪಟ್ಟಿ ತೂಗುಬಿಟ್ಟರು.

"ಡಾಂಬರ್ ಮ್ಯಾಲ ಅಷ್ಟೇ ಹೊಡೀರಿ. ಎರಿ ಹೊಲಕ್ಕ ಇಳಿದ್ರಿ ಅಂದ್ರ ಕರಿ ಮಣ್ಣು ಒಳಗ ತುಂಬಿ ಚಕ್ರಾನೇ ತಿರಗಂಗಿಲ್ಲ. ಮತ್ತ, ಹ್ಯಾಂಡಲ್ ಜೋರಾಗಿ ಹೊಳ್ಳಸಬ್ಯಾಡ್ರಿ, ಮಡ್‌ಗಾರ್ಡಿಗಿ ಬೂಟು ಬಡೀತದ."

"ನೀರು ಎಷ್ಟು ಶೇಕಡಾ ತಡೀತದ?"

ಸಿಕಂದರ್ ಪಾನಾ ಒರೆಸಿ ಪೆಟ್ಟಿಗೆಗೆ ಹಾಕಿದರು. "ನೀವು ತೊಯ್ಸಿಕೊಂಡು ಬಂದು ನನಗ ಹೇಳ್ರಿ."

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ ಇತ್ತು. ಮಹಾಗಾಂವದಲ್ಲಿ ಎದುರಿಗೆ ಬಂದ ಟೆಂಪೋಗಳ ಗಾಜು ಕೂಡ ಕೆಸರಾಗಿತ್ತು. ಕಪಿಲನ ಬೆನ್ನು ಸ್ವಚ್ಛ, ಮುಖ ಸ್ವಚ್ಛ. ಮಳೆಹನಿಗಳಷ್ಟೇ ಇದ್ದವು, ಅವನ್ನು ಕರವಸ್ತ್ರದಿಂದ ಒರೆಸಿಕೊಂಡು ಅವನು ಯಂತ್ರದ ಮುಂದೆ ನಿಂತ. ಪರದೆಯ ಮೇಲೆ ಬಂತು: "ಹೊಂದಿಕೆ ಶೇಕಡಾ 41. ಅಪರಿಚಿತ ವ್ಯಕ್ತಿ."

ಹಾಜರಿ ವಿಭಾಗದ ಗೌಸಿಯಾ ಬೇಗಂ ಅವನನ್ನು ಎರಡು ವರ್ಷದಿಂದ ಬಲ್ಲವರು. ಅವನ ತಾಯಿ ಕಳಿಸುವ ಶೇಂಗಾ ಹಿಂಡಿಯನ್ನು ವಾರಕ್ಕೊಮ್ಮೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವವರು.

"ಮಷೀನು ನಿಮ್ಮ ಮಾರಿ ತಗೋವಲ್ದು ಕಪಿಲ ಸರ್."

"ನಾನೇ ಅಲ್ಲೇನ್ರಿ ಮೇಡಂ?"

"ನನಗ ಗೊತ್ತದರೀ ನೀವೇ ಅಂತ. ಆದ್ರ ನನಗ ಗೊತ್ತಿರೂದು ಸಿಸ್ಟಮಿಗಿ ನಡ್ಯಂಗಿಲ್ಲ." ಅವರು ನೋಂದಣಿಯ ಫೋಟೋ ತೆರೆದು ತೋರಿಸಿದರು. "ಇವರು ಬರಬೇಕು."

ಕಪಿಲ ಫೋಟೋ ನೋಡಿದ. ಒಪ್ಪಬೇಕಾದ ಮಾತು.

ಮುಖವನ್ನು ಮರುನೋಂದಣಿ ಮಾಡಲು ಒಂದು ನಮೂನೆ ಇತ್ತು. ಮುಖ ಬದಲಾಗಲು ಅದರಲ್ಲಿ ಆರು ಕಾರಣಗಳಿಗೆ ಅನುಮತಿ ಇತ್ತು: ಅಪಘಾತ, ಶಸ್ತ್ರಚಿಕಿತ್ಸೆ, ಗಡ್ಡ ಬಿಡುವುದು, ಗಡ್ಡ ತೆಗೆಸುವುದು, ಕನ್ನಡಕ, ವೃದ್ಧಾಪ್ಯ. ತೊಳೆದಿರುವುದು ಇರಲಿಲ್ಲ. ಕಪಿಲ ಏಳನೆಯದಾಗಿ ಅದನ್ನು ಕೈಯಲ್ಲಿ ಬರೆದು ಕಳಿಸಿದ. "ನಮೂನೆಯನ್ನು ವಿರೂಪಗೊಳಿಸಲಾಗಿದೆ" ಎಂಬ ಷರಾದೊಂದಿಗೆ ಅದು ಹಿಂದಕ್ಕೆ ಬಂತು.

ತಿಂಗಳಲ್ಲಿ ಐದು ದಿನಕ್ಕಿಂತ ಹೆಚ್ಚು ಗೈರುಹಾಜರಾದವರ ನೌಕರಿ ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಗುತ್ತಿತ್ತು. ನಡುವೆ ಒಂದು ರಜೆ ಬಂದರೂ, ಶನಿವಾರಕ್ಕೆ ಕಪಿಲನ ಗೈರು ಐದಾಯಿತು. ಆ ಐದೂ ದಿನ ಅವನು ಹತ್ತರಿಂದ ಐದೂವರೆವರೆಗೆ ಕೆಲಸ ಮಾಡಿದ. ಅರವತ್ತೆರಡು ಮಾದರಿಗಳನ್ನು ಪರೀಕ್ಷಿಸಿದ. ವರದಿಗಳಿಗೆ ಅಣವೀರಪ್ಪನವರೇ ಸಹಿ ಹಾಕಿದರು.

"ಮಡ್‌ಗಾರ್ಡ್ ಬಿಚ್ಚಲೇನ್ರಿ ಸರ್?" ಎಂದು ಶನಿವಾರ ಮಧ್ಯಾಹ್ನ ಕಪಿಲ ಅವರನ್ನು ಕೇಳಿದ.

"ಬಿಚ್ಚಿದ್ರ ನನ್ನ ಜ್ಞಾಪನ ಉಲ್ಲಂಘನಾ ಆಗ್ತದ."

"ಬಿಚ್ಚಲಿಲ್ಲಂದ್ರ ಗೈರು ಆಗ್ತದ."

"ಎರಡೂ ಖರೇನೇ ಅದ" ಎಂದರು ಅಣವೀರಪ್ಪ. ಅವರು ನ್ಯಾಯವಂತರು.

ಗೌಸಿಯಾ ಫೈಲಿನಿಂದ ತಲೆ ಎತ್ತದೆ ಹೇಳಿದರು: "ಅವತ್ತಿನ ಮಾರಿನೇ ಹಾಕ್ಕೊಂಡು ಬಂದುಬಿಡ್ರಿ ಅತ್ಲಾಗ."

ಅವರು ಚೇಷ್ಟೆಗೆ ಹೇಳಿದ್ದು. ಆದರೆ ಕಪಿಲ ವಿಜ್ಞಾನದ ವಿದ್ಯಾರ್ಥಿ. ನೋಂದಣಿಯ ಫೋಟೋದ ಮುದ್ರಿತ ಪ್ರತಿ ಪಡೆದು, ಅದರ ಮೇಲೆ ಗ್ರಾಫ್ ಹಾಳೆ ಇಟ್ಟು, ಹತ್ತೊಂಬತ್ತು ಚುಕ್ಕೆಗಳ ಸ್ಥಾನ ಗುರುತಿಸಿದ. ಮಣ್ಣಿಗೆ ಅಲ್ಲಿ ಬರವಿರಲಿಲ್ಲ. ಕಪಾಟಿನಲ್ಲಿ ಇಡೀ ತಾಲ್ಲೂಕಿನ ಮಣ್ಣು ಹಳ್ಳಿವಾರು ಕೂತಿತ್ತು. ಮಹಾಗಾಂವದ ಮಾದರಿಯನ್ನು ನೀರಿನಲ್ಲಿ ಕಲಸಿ, ಡ್ರಾಪರಿನಿಂದ ಒಂದೊಂದೇ ಚುಕ್ಕೆ ಇಡುತ್ತ ಯಂತ್ರದ ಮುಂದೆ ನಿಂತ. ಆರು ಚುಕ್ಕೆಗೆ ಶೇಕಡಾ 58. ಹನ್ನೆರಡಕ್ಕೆ 73. ಹತ್ತೊಂಬತ್ತೂ ಇಟ್ಟಾಗ 79ಕ್ಕೆ ನಿಂತುಬಿಟ್ಟಿತು. ಬೇಕಾದದ್ದು 85.

"ಎಡಗಲ್ಲದ್ದು ಇನ್ನೊಂದೀಟು ದೊಡ್ಡದಿತ್ತು ನೋಡ್ರಿ" ಎಂದರು ಗೌಸಿಯಾ. ಈಗ ಅವರೂ ಕುರ್ಚಿ ಬಿಟ್ಟು ಎದ್ದು ಬಂದಿದ್ದರು. "ನಿಂಬಿ ಬೀಜದಷ್ಟಲ್ಲ, ಹುಣಸಿ ಬೀಜದಷ್ಟು."

ಕಪಿಲ ಹುಣಸೆ ಬೀಜದಷ್ಟು ಮಾಡಿದ. ಶೇಕಡಾ 88. "ಸ್ವಾಗತ, ಕಪಿಲ" ಎಂದಿತು ಯಂತ್ರ. ಆದರೆ ಹೊತ್ತು ಸಂಜೆಯಾಗಿತ್ತು. ಶನಿವಾರದ ಗೈರು ಗೈರಾಗಿಯೇ ಉಳಿಯಿತು.

ಸೋಮವಾರ ಅಣವೀರಪ್ಪನವರು ಎರಡೂ ನಿಯಮಗಳ ಮಾನ ಉಳಿಯುವಂತೆ ಒಂದು ಆದೇಶ ಹೊರಡಿಸಿದರು. ಅದರಂತೆ ಸದರಿ ನೌಕರರು ಸ್ವಚ್ಛವಾಗಿ ಕಚೇರಿಗೆ ಬರತಕ್ಕದ್ದು. 9.50ರಿಂದ 10ರವರೆಗೆ "ಹಾಜರಿ ಮುಖ" ಧರಿಸತಕ್ಕದ್ದು. 10.05ರೊಳಗೆ ತೊಳೆದು "ಕರ್ತವ್ಯ ಮುಖ"ಕ್ಕೆ ಮರಳತಕ್ಕದ್ದು. ಸಂಜೆ 5.30ಕ್ಕೆ ಪುನಃ ಅದೇ ಕ್ರಮ. ಮಣ್ಣನ್ನು ದಾಸ್ತಾನಿನಿಂದ ಪಡೆಯತಕ್ಕದ್ದು, ಹೊರಗಿನ ಮಣ್ಣು ಬಳಸತಕ್ಕದ್ದಲ್ಲ.

ಕಪಿಲ ಆರನೆಯ ಗೈರನ್ನು ತಪ್ಪಿಸಿದ. ಜುಲೈ 31ರಂದು ಅವನ ನೌಕರಿ ಕಾಯಂ ಆಯಿತು. ಸ್ವಚ್ಛತಾ ಕಾಲಮಿನಲ್ಲಿ "ಉತ್ತಮ (ಹಾಜರಿ ವೇಳೆ ಹೊರತುಪಡಿಸಿ)" ಎಂದು ಬರೆದಿತ್ತು. ಅವನ ತಾಯಿ ಗುಂಡಮ್ಮ ಅದನ್ನು ಓದಿಸಿಕೊಂಡು, ಆವರಣದೊಳಗಿನದ್ದನ್ನೂ ಕೇಳಿ, "ಪರವಾಗಿಲ್ಲ, ಉತ್ತಮ ಅಂತ ಮೊದಲ ಬಂದದಲ್ಲ" ಎಂದರು.

ಮಣ್ಣು ತರುವ ರೈತರು ಮೊದಮೊದಲು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಈಗ ತಮ್ಮ ಹೊಲದ ಮಣ್ಣನ್ನೂ ಹಾಗೆಯೇ ಮುಖಕ್ಕೆ ಹಚ್ಚಿ ಪರೀಕ್ಷೆ ಮಾಡಬೇಕೆಂದು ಕೇಳುತ್ತಾರೆ. ಕಪಿಲ ಅದು ಪ್ರತ್ಯೇಕ ವಿಭಾಗವೆಂದು ತಿಳಿಸುತ್ತಾನೆ.

ಡಿಸೆಂಬರಿನಲ್ಲಿ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಯಂತ್ರವನ್ನಾಗಲಿ ಆದೇಶವನ್ನಾಗಲಿ ಅದು ಪ್ರಶ್ನಿಸಿರಲಿಲ್ಲ. ಸದರಿ ನೌಕರರ ನಿವೃತ್ತಿಯವರೆಗೆ ಬೇಕಾಗುವ ಮಣ್ಣಿನ ಒಟ್ಟು ತೂಕವನ್ನು ಒಂದೇ ಬಾರಿಗೆ ಮಂಜೂರಾತಿಗೆ ಕಳಿಸಬೇಕೆಂದು ಕೇಳಿತ್ತು. ಕಪಿಲ ಅಂದೇ ಲೆಕ್ಕ ಹಾಕಿ ಕಳಿಸಿದ. ದಿನಕ್ಕೆ 3 ಗ್ರಾಂ, ವರ್ಷಕ್ಕೆ 240 ದಿನ, ಸೇವೆ ಇನ್ನು 33 ವರ್ಷ: 23 ಕಿಲೋ 760 ಗ್ರಾಂ.