ಏಡಿಯ ಬಿಲಕ್ಕೆ ಹಾಲೆರೆದದ್ದು

ಕೆಲವರು ಲಾಭಕ್ಕಾಗಿ ಸುಳ್ಳು ಹೇಳುತ್ತಾರೆ, ಕೆಲವರು ಹೆದರಿ ಹೇಳುತ್ತಾರೆ. ನಾನು ಹೇಳುವುದು ಕುರ್ಚಿಯಿಂದ ಏಳಬೇಕಲ್ಲ ಎಂಬ ಬೇಸರಕ್ಕೆ. ‘ಗ್ಯಾಸ್ ಬಂದ್ ಮಾಡೀರೇನು?’ ಅಂದರೆ ಮಾಡೀನಿ, ‘ಹಿಂದಿನ ಬಾಗಲಾ ಹಾಕೀರೇನು?’ ಅಂದರೆ ಹಾಕೀನಿ. ಇಂಥ ಸುಳ್ಳುಗಳು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದೆ ತಮ್ಮಷ್ಟಕ್ಕೆ ತಾವೇ ಸತ್ತುಹೋಗುತ್ತವೆ. ಒಂದು ಮಾತ್ರ ಸಾಯಲಿಲ್ಲ. ಅದು ನಮ್ಮ ಹಿತ್ತಲಿನಲ್ಲಿ ಬೆಳೆದು, ನಾಗರ ಪಂಚಮಿಯ ದಿನ ಏಳು ಜನ ಹೆಂಗಸರನ್ನು ಹಾಲಿನ ತಂಬಿಗೆ ಸಮೇತ ಮನೆಗೆ ಕರೆಸಿತು.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಪೇಠೆಯಲ್ಲಿದ್ದ ಬಾಡಿಗೆ ಕೋಣೆ ಬಿಟ್ಟು ಊರಂಚಿನ ವಾಕಡಕ್ಕೆ ಬಂದ ಮೇಲೆ ಅದು ನಮ್ಮ ಮೊದಲ ಮಳೆಗಾಲ. ಮನೆಯ ಹಿಂದೆ ಒಂದು ಹಳ್ಳ, ಅದರಾಚೆ ಇನ್ನೂ ಹೊಲಗಳು. ನನ್ನ ಹೆಂಡತಿ ಶಾಂತಾ ಗದಗಿನ ಕಡೆಯವಳು. ಪೇಠೆಯ ಮೂರನೇ ಮಹಡಿಯಲ್ಲಿ ಹತ್ತು ವರ್ಷ ಮಣ್ಣಿನ ನಾಗಪ್ಪನನ್ನು ತಾಟಿನಲ್ಲಿ ಕೂರಿಸಿ ಹಾಲೆರೆದು, ‘ಹುತ್ತ ಇಲ್ಲ, ಜೋಕಾಲಿ ಇಲ್ಲ, ಇದೆಂಥಾ ಪಂಚಮಿರೀ’ ಎಂದು ಪ್ರತಿವರ್ಷವೂ ಕಣ್ಣಲ್ಲಿ ನೀರು ತಂದುಕೊಂಡವಳು. ಹಬ್ಬಕ್ಕೆ ಹತ್ತು ದಿನವಿರುವಾಗ ಆಕೆ ಹಿತ್ತಲಿನಿಂದ ಓಡಿ ಬಂದಳು. ಕಂಪೌಂಡ್ ಗೋಡೆಯ ಬುಡದಲ್ಲಿ ಗೇಣುದ್ದ ಮಣ್ಣು ಎದ್ದಿತ್ತು, ನಡುವೆ ಒಂದು ತೂತು.

‘ನಮ್ಮ ಹಿತ್ತಲದಾಗ ಹುತ್ತ ಎದ್ದದರೀ. ಒಳಗ ನಾಗಪ್ಪ ಅದಾನೋ ಇಲ್ಲೋ, ಒಂದೀಟು ಬಂದು ನೋಡ್ರಿ.’

ಹೊರಗೆ ಜಿಟಿಜಿಟಿ ಮಳೆ. ನನ್ನ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಪೇಪರು.

‘ಅದಾನ. ನಿನ್ನೆ ಬಾಲಾ ನೋಡೀನಿ,’ ಅಂದೆ.

ಸಂಜೆಯೊಳಗೆ ಫೋನುಗಳು ಹೋದವು. ಯೆರವಡಾದ ಕನ್ನಡ ಭಜನಾ ಮಂಡಳಿಯ ಆರು ಜನ, ದೌಂಡದಿಂದ ಆಕೆಯ ಸೋದರತ್ತಿ ಗಂಗಕ್ಕ, ಎಲ್ಲರೂ ನಮ್ಮ ಹುತ್ತಕ್ಕೇ ಹಾಲೆರೆಯಲು ಬರುವುದೆಂದು ನಿಶ್ಚಯವಾಯಿತು. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದೆ. ಆ ತೂತಿನಿಂದ ಒಂದು ಏಡಿ ಹೊರಗೆ ಬಂತು. ಕೊಂಡಿಗಳ ನಡುವೆ ತಂದಿದ್ದ ಹಸಿಮಣ್ಣಿನ ಉಂಡೆಯನ್ನು ಅಂಚಿಗಿಟ್ಟು, ನನ್ನತ್ತ ಒಂದು ನೋಟ ಬೀರಿ ಮತ್ತೆ ಒಳಗೆ ಹೋಯಿತು.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಯಾದಗಿರಿ ಕಡೆಯ ಗೌಂಡಿ ಭೀಮಪ್ಪನನ್ನು ಗುಟ್ಟಾಗಿ ಕರೆತಂದು ತೋರಿಸಿದೆ. ಆತ ಬಗ್ಗಿ ನೋಡಿ ನಕ್ಕ.

‘ಇದು ಏಡಿ ಬಿಲಾರಿ ಸಾಹೇಬ್ರ. ಹುತ್ತ ಅಂತ ಯಾರು ಹೇಳಿದ್ರಿ ನಿಮಗ?’

ಯಾರೆಂದು ಹೇಳುವ ಬದಲು ಮುಚ್ಚಿಬಿಡೋಣವೇ ಎಂದರೆ ಆತನಿಗೆ ಸಿಟ್ಟೇ ಬಂತು.

‘ಮುಚ್ಚಬ್ಯಾಡ್ರಿ. ನೀರು ಹತ್ತೋತನಕ ತೋಡಿರತದ್ರಿ ಅದು. ತೋಡಾಕಿ ಅದೊಂದ ಖರೆ, ಇರಾಕ ಊರಿಗೂರ ಬರತದ. ಕಪ್ಪಿ, ಬಸವನಹುಳ, ಮೀನಿನ ಮರಿ, ಹೆಸರಿಲ್ಲದ ಸಣ್ಣ ಹುಳ. ಬ್ಯಾಸಿಗ್ಯಾಗ ಹಳ್ಳ ಬತ್ತಿದ್ರ ಇವೆಲ್ಲಾ ಜೀವ ಹಿಡಿಯೋದು ಇದರಾಗ. ನೆಲಕ್ಕ ಗಾಳಿ ಹೋಗೂದೂ ಇದರಿಂದನ.’

ಕೇಳುತ್ತಿದ್ದಂತೆ ನನಗೆ ಪೇಠೆಯ ನಮ್ಮ ಹಳೆಯ ವಾಡೆ ನೆನಪಾಯಿತು. ಕಟ್ಟಿಸಿದವನು ಒಬ್ಬ, ಒಂದೇ ನಳ ನಂಬಿ ಬದುಕಿದವರು ಹದಿನಾಲ್ಕು ಸಂಸಾರ.

‘ಹಾವು?’ ಎಂದು ಆಸೆಯಿಂದ ಕೇಳಿದೆ.

‘ಕಪ್ಪಿ ಇದ್ದಲ್ಲಿ ಒಮ್ಮೊಮ್ಮೆ ನೀರಹಾವು ಬರತದ್ರಿ. ವಿಷ ಇರಂಗಿಲ್ಲ.’

ಜೀವಮಾನದಲ್ಲಿ ಮೊದಲ ಬಾರಿಗೆ, ಮನೆಗೊಂದು ಹಾವು ಬರಲಪ್ಪಾ ಎಂದು ದೇವರಿಗೆ ಕೈಮುಗಿದೆ.

ಹೆಂಡತಿಗೆ ನಿಜ ಹೇಳಲು ಪ್ರಯತ್ನಿಸಲಿಲ್ಲ ಎಂದಲ್ಲ. ಒಂದು ದಿನ ಅಡುಗೆಮನೆಯ ತನಕ ಹೋದೆ. ಶಾಂತಾ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಬಾಯಿ ತೆರೆಯುವುದಕ್ಕೂ ಆಕೆ, ‘ನಿಮಗ ಕಾಣಿಸಿಕೊಂಡಾನ ಅಂದ್ರ ನಮ್ಮ ಪುಣ್ಯಾ ಭಾಳ ದೊಡ್ಡದರೀ’ ಎನ್ನುವುದಕ್ಕೂ ಸರಿಹೋಯಿತು. ತೆರೆದ ಬಾಯಿಗೆ ಒಂದು ಉಂಡಿ ಹಾಕಿಕೊಂಡು ಹಿಂದಿರುಗಿದೆ. ಆಫೀಸಿನಲ್ಲಿ ಫೈಲು ಬಿಡಿಸಿದರೂ ಎರಡು ಕೊಂಡಿಗಳೇ ಕಾಣುತ್ತಿದ್ದವು. ನನ್ನ ಮಾನದ ಚಿಂತೆ ಅಷ್ಟಿರಲಿಲ್ಲ, ಅದು ಹೋಗಿ ಬಂದು ಅಭ್ಯಾಸವಿದೆ. ಆದರೆ ಏಳು ಜನರೆದುರು ಆ ಏಡಿ ಎದ್ದು ಬಂದರೆ ಶಾಂತಾಳ ಮುಖ ಏನಾದೀತು? ಹತ್ತು ವರ್ಷ ಕಾದು ಸಿಕ್ಕ ಹುತ್ತ. ಯೆರವಡಾದಿಂದ ದೌಂಡದವರೆಗೆ ಆಕೆಯನ್ನು ಆಡಿಕೊಂಡು ನಗುತ್ತಾರಲ್ಲ ಎಂದು ನಿಜಕ್ಕೂ ಸಂಕಟವಾಗುತ್ತಿತ್ತು.

ಹಬ್ಬದ ಬೆಳಿಗ್ಗೆ ಏಡಿಯನ್ನು ಹಿಡಿದು ಹಳ್ಳಕ್ಕೆ ಬಿಡುವುದೆಂದು ತೀರ್ಮಾನಿಸಿದೆ. ಗುದ್ದಲಿ ಮುಟ್ಟುವಂತಿರಲಿಲ್ಲ, ಪಂಚಮಿಯ ದಿನ ನೆಲ ಅಗೆಯಬಾರದು. ಶಾಂತಾ ಮುಂಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾಗ ನಾನು ಹಿತ್ತಲಿನಲ್ಲಿ ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ, ಮೊಣಕೈವರೆಗೆ ಬಿಲದೊಳಗೆ ಕೈ ಇಳಿಸಿದೆ. ಏಡಿ ಸಿಗಲಿಲ್ಲ. ತಣ್ಣಗಿನ ಒಂದು ಬೇರು ಬೆರಳಿಗೆ ತಾಗಿತು, ಅಷ್ಟೆ. ಅಷ್ಟರಲ್ಲಿ ರಿಕ್ಷಾ ನಿಂತ ಸದ್ದಾಯಿತು.

ಹಾಲೆರೆಯುವುದೆಂದರೆ ಒಂದು ಚಮಚದ ಮಾತೆಂದು ತಿಳಿದಿದ್ದೆ. ಆದರೆ ನಮ್ಮ ಕಡೆ ಮನೆಮಂದಿಯ ಒಬ್ಬೊಬ್ಬರ ಹೆಸರಿನಲ್ಲೂ ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಶುರುವಾಯಿತು. ಗಂಗಕ್ಕನದು ಕೂಡುಕುಟುಂಬ. ಆಕೆ ಮೂರನೇ ಮೈದುನನ ಹೆಂಡತಿಗೆ ಬರುವಷ್ಟರಲ್ಲಿ ಹಾಲು ಬಿಲದ ಬಾಯಿಗೆ ಬಂದಿತ್ತು. ಒಂದು ಕಪ್ಪೆ ಹಾರಿ ಹೊರಬಿತ್ತು. ಹಿಂದೆಯೇ ಇನ್ನೊಂದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಣ್ಣು ಮತ್ತೆ ಅಲುಗಿತು. ಬಂತು ಏಡಿ ಎಂದು ನಾನು ಕಣ್ಣು ಮುಚ್ಚಿದೆ.

ಯಾರೂ ನಗಲಿಲ್ಲ. ಕಣ್ಣು ತೆರೆದಾಗ ಮೈತುಂಬ ಚೌಕಳಿಯಿದ್ದ ಹಾವೊಂದು ಹಾಲಿನಲ್ಲಿ ತೊಯ್ದು ಹೊರಬಂದು, ಯಾವ ಅವಸರವೂ ಇಲ್ಲದೆ ಗೋಡೆಯ ಸಂದಿನಿಂದ ಹಳ್ಳದ ಕಡೆಗೆ ಹೋಗುತ್ತಿತ್ತು. ಎಂಟೂ ಹೆಂಗಸರು ಕೈಮುಗಿದು ನಿಂತಿದ್ದರು. ಬೆಳಿಗ್ಗೆ ನನ್ನ ಬೆರಳಿಗೆ ತಾಗಿದ ಬೇರು ಯಾವುದೆಂದು ಹೊಳೆದ ಕ್ಷಣವೇ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದೆ.

‘ಯಜಮಾನ್ರು ಎಷ್ಟು ಎತ್ತರದಿಂದ ದರ್ಶನ ತಗೊಂಡ್ರು ನೋಡ್ರಿ,’ ಎಂದಳು ಗಂಗಕ್ಕ, ಭಕ್ತಿಯಿಂದಲೇ.

ಎಲ್ಲರೂ ಉಂಡಿ ಕಟ್ಟಿಸಿಕೊಂಡು ಹೋದ ಮೇಲೆ ಶಾಂತಾ ಉಳಿದ ಹಾಲು ಹಿಡಿದು ಮತ್ತೆ ಹಿತ್ತಲಿಗೆ ಹೋದಳು. ನಾನು ಗೆದ್ದವನಂತೆ ಹಿಂದೆ ಹೋಗಿ, ‘ನೋಡಿದೇನು? ನಾ ಹೇಳಿರಲಿಲ್ಲೇನು?’ ಅಂದೆ. ಆಕೆ ಬಗ್ಗಿ ಬಿಲಕ್ಕೆ ನಾಲ್ಕು ಹನಿ ಬಿಟ್ಟು, ‘ಇದು ಏಡಿ ಪಾಲು’ ಎಂದಳು.

‘ನಿನಗ ಗೊತ್ತಿತ್ತೇನು?’

‘ನೀವು ಬಾಲಾ ನೋಡೀನಿ ಅಂದ ಮರುದಿನಾನ ಏಡಿ ನೋಡಿದೆ. ಅಷ್ಟೊತ್ತಿಗೆ ಎಲ್ಲಾರಿಗೂ ನಿಮ್ಮ ಹೆಸರು ಹೇಳಿ ಕರದುಬಿಟ್ಟಿದ್ದೆ. ನಿಮಗ ಸಂಶೇ ಬರಬಾರದಂತ ಪುಣ್ಯಾ ಅದು ಇದು ಅಂದೆ. ಅವರ ಮುಂದ ನಿಮ್ಮ ಮಾತು ಸುಳ್ಳಾದ್ರ ಹ್ಯಾಂಗಪ್ಪಾ ಅಂತ ಊಟ ಸೇರಿಲ್ಲರೀ ನನಗ.’ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: ‘ನಿಮಗ ಯಾವಾಗ ಗೊತ್ತಾತು?’

ನನಗಾಗಿ ಹಸಿದು ಕಂಗಾಲಾದ ಹೆಂಡತಿ ಎದುರಿಗಿದ್ದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವ ಗಂಡನಿಗೂ ಸಿಗಲಾರದು. ಆದರೆ ಎಲ್ಲಿಂದ ಶುರುಮಾಡಿ ಎಲ್ಲಿಯವರೆಗೆ ಹೇಳಬೇಕು ಎಂದು ಯೋಚಿಸಿಯೇ ದಣಿವಾಯಿತು.

‘ಈಗ, ನೀ ಹೇಳಿದ ಮ್ಯಾಲೆ,’ ಅಂದೆ.