ಚಿಕ್ಕಪ್ಪ ಬೆಳಕು ದಾಟಿಸಿದ್ದು

ಬಳ್ಳಾರಿಯಲ್ಲಿ ಅದಿರಿನ ಭರಾಟೆ ಇದ್ದ ಕಾಲ. ನಮ್ಮ ವಂಶದಲ್ಲಿ ಬುದ್ಧಿ ಇದ್ದವರೆಲ್ಲ ಲಾರಿ ಕೊಂಡರು. ಚಿಕ್ಕಪ್ಪ ಮಾತ್ರ ಎರಡು ಲೆನ್ಸ್ ಕೊಂಡರು! ಅವೂ ಕಡಲೆಬೇಳೆಯಷ್ಟು ಗಾತ್ರದವು. ಹೊಸ ಲಾರಿಗೆ ಪೂಜೆ ಮಾಡಿಸಿಕೊಂಡು ಕುರುಗೋಡಿನಿಂದ ಬಂದಿದ್ದ ಅವರ ಷಡ್ಡಕರು, "ಇವು ಎಷ್ಟು ಟನ್ ಹೊರತಾವ್ರಿ?" ಎಂದು ಕೇಳಿಯೇಬಿಟ್ಟರು.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಚಿಕ್ಕಪ್ಪನ ಹಟ ಇಷ್ಟೇ: ಕೂದಲಿನಂಥ ಗಾಜಿನ ಎಳೆಯೊಂದರಿಂದ ಹೊರಬಿದ್ದ ಕೆಂಪು ಲೇಸರ್ ಬೆಳಕು ಗೇಣು ದೂರ ಗಾಳಿಯಲ್ಲಿ ಸಾಗಿ, ಎದುರಿನ ಎಳೆಯ ಬಾಯೊಳಗೆ ಹೊಗಬೇಕು. ಹೊರಬಿದ್ದ ಬೆಳಕು ಶಾಲೆ ಬಿಟ್ಟ ಮಕ್ಕಳಂತೆ ಚದುರುತ್ತದಲ್ಲ, ಮೊದಲ ಲೆನ್ಸ್ ಅದನ್ನು ನೆಟ್ಟಗೆ ನಡೆಸಬೇಕು. ಎರಡನೆಯದು ಒಟ್ಟುಗೂಡಿಸಿ ಒಳಗೆ ತಳ್ಳಬೇಕು. ಆ ಎರಡನೇ ಎಳೆಯ ಆಚೆ ತುದಿಯಲ್ಲಿಟ್ಟ ಬಿಳಿ ಕಾಗದದ ಮೇಲೆ ಕೆಂಪು ಚುಕ್ಕೆ ಮೂಡಿದರೆ ಗೆದ್ದಂತೆ. ಎರಡು ತಿಂಗಳು ಮನೆಯ ಕೋಣೆಯೊಂದರಲ್ಲಿ ಒಬ್ಬರೇ ಕೂತು ಲೆನ್ಸ್ ಸರಿಸುವ ತಿರುಪು ತಿರುಗಿಸಿದರೂ ಚುಕ್ಕೆ ಕಾಣಲಿಲ್ಲ!

ತಪ್ಪು ಯಾರದು? ಮೊದಲು ಚಿಕ್ಕಮ್ಮನ ಒಗ್ಗರಣೆಯದು. ಅದರ ಹೊಗೆ ಲೆನ್ಸಿಗೆ ಮೆತ್ತುತ್ತದಂತೆ.

"ಹಂಗಾದ್ರ ಅನ್ನಕ್ಕ ಬೆಳಕನ್ನ ಕಲಸ್ಕೊಂಡು ಉಣ್ರಿ!" ಎಂದು ಚಿಕ್ಕಮ್ಮ ಎರಡು ದಿನ ಬರೀ ಬೇಯಿಸಿದ ಬೇಳೆ ಬಡಿಸಿದರು.

ಆಮೇಲೆ ತಪ್ಪು ಅದಿರಿನ ಧೂಳಿನದಾಯಿತು. ಕೊನೆಗೆ, ಗಾಂಧಿನಗರದ ಅವರ ಮನೆಯ ಮೇಜನ್ನು ನಡುಗಿಸುವ ಲಾರಿಗಳದು. ಒಂದು ಮಧ್ಯಾಹ್ನ ಚಿಕ್ಕಪ್ಪ ಬನಿಯನ್ನಿನಲ್ಲೇ ಬೀದಿಗಿಳಿದು ಲಾರಿಗೆ ಅಡ್ಡ ನಿಂತರು.

"ಎರಡು ನಿಮಿಷ ನಿಂದ್ರಪ್ಪಾ! ಒಳಗ ಬೆಳಕು ದಾಟಬೇಕಾಗೈತಿ!"

ಸಿರುಗುಪ್ಪದ ಆ ಡ್ರೈವರ್ ರಸ್ತೆಯಲ್ಲಿ ದನ, ಕುರಿ, ಮದುವೆ ಮೆರವಣಿಗೆ ಎಲ್ಲ ದಾಟುವುದನ್ನು ಕಂಡಿದ್ದ. ಬೆಳಕು ದಾಟುವುದನ್ನು ಕಂಡಿರಲಿಲ್ಲ. ಇಂಜಿನ್ ಆರಿಸಿ ನೋಡಲು ಬಂದೇಬಿಟ್ಟ! ಅವನ ಹಿಂದೆ ನಾನು, ಬಾಗಿಲಿನವರೆಗೆ ಚಿಕ್ಕಮ್ಮ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಗ್ಗಿ ನೋಡಿದ ಡ್ರೈವರ್, "ದಾಟೇತಲ್ರಿ ಸಾರ್! ಕಾಗದದ ಮ್ಯಾಲೆ ಕೆಂಪಗ ಕಾಣಾಕತ್ತೈತಿ" ಎಂದ.

"ಎಲ್ಲೈತಿ?"

"ಇಲ್ಲೇ ಐತಲ್ರಿ, ನಿಮ್ಮ ಮೂಗಿನ ಮುಂದ!"

ನನಗೂ ಕಂಡಿತು. ಚಿಕ್ಕಮ್ಮನಿಗೂ ಕಂಡಿತು. ಚಿಕ್ಕಪ್ಪ ಕನ್ನಡಕ ಒರೆಸಿ ಹಾಕಿಕೊಂಡರು, ತೆಗೆದು ಮತ್ತೆ ಒರೆಸಿದರು. ಅವರ ಕಣ್ಣಿಗೆ ಪೊರೆ ಬಂದಿದೆಯೆಂದು ನಮಗೆ ಗೊತ್ತಾದದ್ದೇ ಆಗ. ಆ ಚುಕ್ಕೆ ಅಲ್ಲಿ ಎಷ್ಟು ದಿನದಿಂದ ಇತ್ತೋ!

ನಗಲು ತೆರೆದಿದ್ದ ಬಾಯನ್ನು ನಾನು ಮುಚ್ಚಿಕೊಂಡೆ. ಡ್ರೈವರ್ ಸದ್ದಿಲ್ಲದೆ ಹೊರಗೆ ಹೋದ.

ಒಗ್ಗರಣೆಯ ಜಗಳದಂದೇ ಆ ಕೋಣೆಯೊಳಗೆ ಕಾಲಿಡುವುದಿಲ್ಲವೆಂದು ಆಣೆ ಇಟ್ಟಿದ್ದ ಚಿಕ್ಕಮ್ಮ ಒಳಗೆ ಬಂದರು. ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತರು.

"ಎಷ್ಟು ದೊಡ್ಡದೈತಿ?" ಚಿಕ್ಕಪ್ಪ ಮೆಲ್ಲಗೆ ಕೇಳಿದರು.

"ಜ್ವಾಳದ ಕಾಳಿನಷ್ಟು. ಸ್ವಲ್ಪ ಮಬ್ಬೈತಿ."

"ಹಂಗಾದ್ರ ಬೆಳಕು ಇನ್ನೂ ಪೂರಾ ಒಳಗ ಹೋಗಿಲ್ಲ."

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ್ರಿ," ಎಂದು ಚಿಕ್ಕಮ್ಮ ಅವರ ಬೆರಳನ್ನು ಹಿಡಿದು ತಿರುಪಿನ ಮೇಲೆ ಇಟ್ಟರು. "ಈಗ ನೀವು ತಿರುಗಸ್ರಿ. ನಾ ನೋಡಿ ಹೇಳ್ತೀನಿ."